ಹಿಮದಡಿಯ ಹಗೇವು

ಮಲ್ಲಟದ ನಮ್ಮ ಹಳೆಯ ಮನೆಯ ಅಂಗಳದಲ್ಲಿ, ಪಡಸಾಲೆಗೂ ದನದ ಕೊಟ್ಟಿಗೆಗೂ ನಡುವೆ, ಒಂದು ದಪ್ಪ ಹಾಸುಗಲ್ಲು ಇತ್ತು. ಬೀಗರೋ ನೆಂಟರೋ ಬಂದು ಕಾಲು ತೊಳೆಯಲು ಅದರ ಮೇಲೆ ನಿಂತರೆ ಸಾಕು, ಅಜ್ಜಿ ಅಡುಗೆಮನೆಯಿಂದಲೇ ಕೂಗಿಕೊಳ್ಳುತ್ತಿದ್ದಳು: “ಅಲ್ಲಿ ನೀರ ಚೆಲ್ಲಬ್ಯಾಡ್ರೀ, ಕೆಳಗ ಜ್ವಾಳ ಅದಾವ!” ಬಂದವರು ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ನಾವು ಮಕ್ಕಳು ಆ ಕಲ್ಲಿನ ಮೇಲೆ ಕುಣಿಯುತ್ತಿರಲಿಲ್ಲ. ಕೆಳಗೆ ಯಾರೋ ಮಲಗಿದ್ದಾರೆ ಎನ್ನುವಂಥ ಒಂದು ಮರ್ಯಾದೆ ನಮ್ಮ ಕಾಲುಗಳಿಗೇ ಬಂದುಬಿಟ್ಟಿತ್ತು.

ಅದು ನಮ್ಮ ಹಗೇವಿನ ಮುಚ್ಚಳ. ಎರೆಮಣ್ಣು ಮುಗಿದು ಗರಸು ಹತ್ತುವ ತನಕ ಅಗೆದು, ಬಾಯಿಯನ್ನು ಒಬ್ಬ ಆಳು ಇಳಿಯುವಷ್ಟೇ ಕಿರಿದಾಗಿಟ್ಟು, ಒಳಗೆ ಹೊಟ್ಟೆಯನ್ನು ಗಡಿಗೆಯ ಹಾಗೆ ಅಗಲಿಸಿ, ಗೋಡೆಗೆ ಮಣ್ಣು ಮೆತ್ತಿ, ತಳಕ್ಕೂ ಬದಿಗೂ ಹೊಟ್ಟು-ದಂಟು ಹಾಸಿ ಮಾಡಿದ ನೆಲದೊಳಗಿನ ಕಣಜ. ಹಿಂಗಾರಿನ ಬಿಳಿಜೋಳ ರಾಶಿಯಾದ ಮೇಲೆ ಅದರೊಳಗೆ ಸುರಿದು, ಮೇಲೆ ಮತ್ತೆ ಹೊಟ್ಟು ತುಂಬಿ, ಕಲ್ಲು ಮುಚ್ಚಿ, ಸಂದಿಗೆ ಕೆಸರು ಬಳಿದರೆ ಮುಗಿಯಿತು. ಆಮೇಲೆ ಅದು ಮನೆಯವರ ಮಾತಿನಲ್ಲೂ ಬರುತ್ತಿರಲಿಲ್ಲ. ಒಂದು ವರ್ಷ, ಎರಡು ವರ್ಷ, ಮಳೆ ಕೈಕೊಟ್ಟರೆ ಮೂರನೆಯ ವರ್ಷಕ್ಕೂ ಅಲ್ಲಿ ಜೋಳ ಇದೆ ಎನ್ನುವ ತಿಳಿವಳಿಕೆ ಮಾತ್ರ ಮನೆಯಲ್ಲಿ ಓಡಾಡುತ್ತಿತ್ತು. ಕೃಷ್ಣೆ-ತುಂಗಭದ್ರೆಯ ನಡುವಿನ ಈ ದೋಆಬ್ ಎರಡು ಹೊಳೆಗಳನ್ನು ಅಕ್ಕಪಕ್ಕ ಇಟ್ಟುಕೊಂಡೇ ಬಾಯಾರಿದ ಸೀಮೆ. ಡೋಗಿ ಬರದ ಹೆಸರನ್ನೂ 1876ರಿಂದ 78ರ ವರೆಗಿನ ಬರದ ನೆನಪನ್ನೂ ಹೊತ್ತ ನೆಲಕ್ಕೆ ಹಗೇವು ಎಂದರೆ ಬರಿಯ ಗುಂಡಿಯಲ್ಲ.

ಹಗೇವು ತೆಗೆಯುವ ದಿನ ನನಗೆ ಹಬ್ಬಕ್ಕಿಂತ ದೊಡ್ಡದು. ಕೆಸರಿನ ಪಟ್ಟಿ ಒಡೆದು ಇಬ್ಬರು ಆಳುಗಳು ಹಾರೆಯಿಂದ ಕಲ್ಲು ಎಬ್ಬಿಸುತ್ತಿದ್ದಂತೆ ಒಂದು ವಾಸನೆ ಏಳುತ್ತಿತ್ತು. ಹುಳಿ ಅಲ್ಲ, ಮುಗ್ಗಲೂ ಅಲ್ಲ, ಬೆಚ್ಚಗಿನ, ಸ್ವಲ್ಪ ತಲೆ ತಿರುಗಿಸುವ, ಬಹಳ ದಿನ ಮುಚ್ಚಿಟ್ಟ ಉಸಿರಿನ ವಾಸನೆ. ತಾತ ಎಲ್ಲರನ್ನೂ ದೂರ ಸರಿಸಿ, ಒಂದು ಹೊತ್ತು ಬಾಯಿ ತೆರೆದೇ ಬಿಡುತ್ತಿದ್ದ. ಆಮೇಲೆ ಕಂದೀಲಿಗೆ ಹಗ್ಗ ಕಟ್ಟಿ ನಿಧಾನವಾಗಿ ಇಳಿಸುತ್ತಿದ್ದ. ನಾವೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. “ದೀಪ ಆರಿತಂದ್ರ ಒಳಗ ಇಳಿಬ್ಯಾಡ. ದೀಪ ಉಳೀತಂದ್ರ ಮನಷಾನೂ ಉಳಿತಾನ,” ಎನ್ನುತ್ತಿದ್ದ. ಕಾಳು ಕೂಡ ಉಸಿರಾಡುತ್ತದೆ, ಗಾಳಿಯಲ್ಲಿನ ಆಮ್ಲಜನಕವನ್ನೆಲ್ಲ ತಾನೇ ಕುಡಿದು ಇಂಗಾಲದ ಡೈಆಕ್ಸೈಡನ್ನು ಗುಂಡಿಯ ತುಂಬ ಬಿಟ್ಟಿರುತ್ತದೆ, ಅದಕ್ಕೇ ಒಳಗೆ ಹುಳ ಬದುಕುವುದಿಲ್ಲ, ಅದಕ್ಕೇ ಮನುಷ್ಯನೂ ಬದುಕುವುದಿಲ್ಲ ಎನ್ನುವುದನ್ನು ನಾನು ಪುಸ್ತಕದಲ್ಲಿ ಓದಿದ್ದು ಬಹಳ ತಡವಾಗಿ. ತಾತನಿಗೆ ಅದು ದೀಪದ ಭಾಷೆಯಲ್ಲಿ ಗೊತ್ತಿತ್ತು.

ಇಷ್ಟೆಲ್ಲ ನೆನಪಾದದ್ದು ಒಂದು ಮೇ ತಿಂಗಳ ಮಧ್ಯಾಹ್ನ. ರಾಯಚೂರಿನ ಬಿಸಿಲು ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿಕೊಂಡು, ಫ್ಯಾನಿನ ಕೆಳಗೆ ಕುಳಿತು, ನಾನು ಅಂಟಾರ್ಕ್ಟಿಕಾದ ಬಗ್ಗೆ ಓದುತ್ತಿದ್ದೆ. ಬೇಸಿಗೆಯಲ್ಲಿ ನನಗೆ ಅದೊಂದು ಚಟ. ಓದುತ್ತ ಒಂದು ಕಡೆ ನಿಂತುಬಿಟ್ಟೆ. ಹವಾಯಿ ವಿಶ್ವವಿದ್ಯಾಲಯದ ಕ್ರೇಗ್ ಸ್ಮಿತ್ ಮತ್ತು ಜೊತೆಗಾರರು 1999ರಿಂದ 2001ರ ವರೆಗೆ ಅಂಟಾರ್ಕ್ಟಿಕಾ ಪರ್ಯಾಯದ್ವೀಪದ ಪಶ್ಚಿಮಕ್ಕೆ, ಐನೂರು-ಆರುನೂರು ಮೀಟರ್ ಆಳದ ಕಡಲತಳವನ್ನು ಬೇರೆ ಬೇರೆ ಋತುಗಳಲ್ಲಿ ಹೋಗಿ ಹೋಗಿ ನೋಡಿ ಬಂದರು. ಅವರ ಪ್ರಶ್ನೆ ಸರಳ. ಅಲ್ಲಿ ಬೆಳಕು ಧಾರಾಳವಾಗಿರುವುದು ಬೇಸಿಗೆಯ ಕೆಲವೇ ತಿಂಗಳು. ಆಗ ನೀರಿನ ಮೇಲ್ಪದರದಲ್ಲಿ ಡಯಾಟಮ್ ಎಂಬ ಗಾಜಿನ ಗೂಡಿನ ಪಾಚಿಗಳು ಹೊಲದ ಹಾಗೆ ಹಸಿರೇಳುತ್ತವೆ, ಸಾಯುತ್ತವೆ, ಹಸಿರು ಹಿಟ್ಟಾಗಿ ತಳಕ್ಕೆ ಉದುರುತ್ತವೆ. ಆಮೇಲೆ ಹಿಮ ಮುಚ್ಚುತ್ತದೆ, ಕತ್ತಲಾಗುತ್ತದೆ, ಮೇಲಿಂದ ಬೀಳುವುದು ಬಹುತೇಕ ನಿಂತುಹೋಗುತ್ತದೆ. ಹಾಗಾದರೆ ತಳದ ಜೀವಿಗಳು ಚಳಿಗಾಲಪೂರ್ತಿ ಉಪವಾಸವೇ?

ಅಲ್ಲ ಎಂದು ಅವರಿಗೆ ತಿಳಿಯಿತು. ಬೇಸಿಗೆಯಲ್ಲಿ ಬಿದ್ದ ಹಸಿರು ಹಿಟ್ಟು ಕೆಸರಿನಲ್ಲಿ ಸೇರಿಕೊಂಡು ತಿಂಗಳುಗಟ್ಟಲೆ ಹಳಸದೆ ಉಳಿಯುತ್ತದೆ. ಸೊನ್ನೆ ಡಿಗ್ರಿಯ ಆಸುಪಾಸಿನ ಆ ಚಳಿಗೆ ಅದನ್ನು ಕೊಳೆಸುವ ಬ್ಯಾಕ್ಟೀರಿಯಾಗಳ ಕೈ ನಿಧಾನ ಎಂದು ಅವರು ತರ್ಕಿಸಿದರು. ಚಳಿಗಾಲದಲ್ಲೂ ತಳದ ಕೆಸರು ತಿನ್ನುವಷ್ಟು ತಾಜಾ ಇತ್ತು. ಅದನ್ನು ಅವರು ಆಹಾರದ ಬ್ಯಾಂಕು ಎಂದು ಕರೆದರು. ಬ್ಯಾಂಕು ಎನ್ನುವ ಮಾತು ಅವರ ಊರಿನದು. ನನ್ನ ಕಿವಿಗೆ ಅದು ಹಗೇವು ಎಂದೇ ಬಿದ್ದಿತು. ಒಂದು ಸುಗ್ಗಿಯನ್ನು ಉದ್ದನೆಯ ಬರಗಾಲಕ್ಕೆ ಹೂತಿಡುವ ನೆಲ. ಇಲ್ಲಿ ಬಿಸಿಲು, ಅಲ್ಲಿ ಕತ್ತಲು. ಕಾರಣ ಬೇರೆ, ಕಷ್ಟ ಒಂದೇ.

ಅಂದಮೇಲೆ ಆ ಹಗೇವಿನೊಳಗೆ ಇಳಿದು ಉಣ್ಣುವವರು ಯಾರು ಎಂದು ತಿಳಿಯದೆ ನನಗೆ ನಿದ್ದೆ ಬರಲಿಲ್ಲ. ಕಡಲಸೌತೆಗಳಿವೆ, ಹುಳುಗಳಿವೆ, ನಕ್ಷತ್ರಮೀನುಗಳಿವೆ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಇವೆಲ್ಲಕ್ಕಿಂತ ಚಿಕ್ಕವು, ಬಹುಪಾಲು ಗಸಗಸೆಗಿಂತಲೂ ಸಣ್ಣವು: ಫೊರಾಮಿನಿಫೆರಾ, ಮೊಟಕಾಗಿ ಫೊರಾಮ್. ಒಂದೇ ಒಂದು ಜೀವಕೋಶ, ಅದಕ್ಕೊಂದು ಚಿಪ್ಪು. ಲ್ಯಾಟಿನ್ನಿನ ಆ ಹೆಸರಿಗೆ ಕಿಂಡಿ ಹೊತ್ತದ್ದು ಎಂದರ್ಥ. ನಾನು ಮನಸ್ಸಿನಲ್ಲಿ ಕಿಂಡಿಚಿಪ್ಪು ಎಂದು ಕರೆದುಕೊಳ್ಳುತ್ತೇನೆ. ಫ್ರಾನ್ಸಿನ ಆಲ್ಸಿದ್ ದೋರ್ಬಿನ್ಯಿ 1826ರಲ್ಲಿ ಈ ಗುಂಪಿಗೆ ಹೆಸರಿಟ್ಟಾಗ, ಇವು ಅಷ್ಟಪದಿಯ ಪುಟಾಣಿ ಬಂಧುಗಳು ಎಂದು ತಿಳಿದಿದ್ದ. ಚಿಪ್ಪಿನ ಸುರುಳಿ ನೋಡಿದರೆ ಯಾರಿಗೂ ಹಾಗೇ ಅನ್ನಿಸಬೇಕು. 1835ರಲ್ಲಿ ಅದೇ ದೇಶದ ಫೆಲಿ ದ್ಯುಜಾರ್ದಾಂ ಜೀವಂತ ಇರುವಾಗಲೇ ನೋಡಿ, ಇದರೊಳಗೆ ಕೈಕಾಲು ಕರುಳು ಏನೂ ಇಲ್ಲ, ಹರಿಯುವ ಲೋಳೆ ಮಾತ್ರ ಇದೆ ಎಂದು ಕಂಡುಕೊಂಡ.

ಆ ಲೋಳೆಯೇ ಅದರ ಕೈ. ಚಿಪ್ಪಿನ ಕಿಂಡಿಗಳಿಂದ ಕೂದಲಿಗಿಂತ ಸಣ್ಣ ಎಳೆಗಳು ಹೊರಬಂದು, ಕವಲೊಡೆದು, ಒಂದನ್ನೊಂದು ಕೂಡಿ ಬಲೆಯಾಗುತ್ತವೆ. ಒಂದೊಂದು ಎಳೆಯಲ್ಲೂ ಸಂತೆಯ ದಿನದ ಸಿರವಾರ ರಸ್ತೆಯ ಹಾಗೆ ಎರಡೂ ಕಡೆಗೆ ಏಕಕಾಲಕ್ಕೆ ಸಂಚಾರ: ಒಂದು ಸಾಲು ಹೊರಗೆ ಹೋಗುತ್ತಿರುತ್ತದೆ, ಇನ್ನೊಂದು ಸಾಲು ಆಹಾರದ ಕಣ ಹೊತ್ತು ಒಳಗೆ ಬರುತ್ತಿರುತ್ತದೆ. ತನ್ನ ಮೈಯ ಹಲವು ಪಟ್ಟು ಅಗಲದ ಕೆಸರನ್ನು ಈ ಬಲೆ ತಡಕಾಡುತ್ತದೆ. ಅದು ಮಾಡುವ ಕೆಲಸಕ್ಕೆ ನಮ್ಮಲ್ಲಿ ಒಳ್ಳೆಯ ಮಾತಿದೆ: ಹಕ್ಕಲು ಆಯುವುದು. ಕೊಯ್ಲು ಮುಗಿದ ಹೊಲದಲ್ಲಿ, ರಾಶಿ ಎತ್ತಿದ ಕಣದಲ್ಲಿ, ಉದುರಿದ ತೆನೆ-ಕಾಳು ಆಯುವುದು. ಹಕ್ಕಲು ಆಯುವವರನ್ನು ಹೊಲದ ಒಡೆಯ ಬೇಡ ಎನ್ನುತ್ತಿರಲಿಲ್ಲ. ಅಜ್ಜಿ ಅವರ ಸಲುವಾಗಿಯೇ ಮೂಲೆಯ ಒಂದೆರಡು ಸಾಲು ಬಿಡಿಸುತ್ತಿದ್ದಳು.

ಹಕ್ಕಲು ಎಂದರೆ ಸಿಕ್ಕಿದ್ದನ್ನು ಬಾಚಿಕೊಳ್ಳುವುದು ಅಂದುಕೊಂಡಿದ್ದೆ. ಈ ಕಿಂಡಿಚಿಪ್ಪುಗಳು ಹಾಗಲ್ಲವಂತೆ. ಅದೇ ಅಂಟಾರ್ಕ್ಟಿಕಾ ಪರ್ಯಾಯದ್ವೀಪದ ತಳದಿಂದ ತಂದ ಫೊರಾಮ್‌ಗಳ ಮೈಯಲ್ಲಿನ ಕೊಬ್ಬಿನ ಆಮ್ಲಗಳನ್ನು ಪರೀಕ್ಷಿಸಿದಾಗ, ಯಾವುದು ಏನು ಉಂಡಿದೆ ಎಂದು ತಿಳಿಯಿತು. ಉಂಡ ಪಾಚಿಯ ಗುರುತು ಉಂಡವರ ಕೊಬ್ಬಿನಲ್ಲಿ ಉಳಿದುಕೊಳ್ಳುತ್ತದೆ, ಹುರುಳಿ ತಿಂದ ಎತ್ತಿನ ಮೈ ಹೊಳಪಿನಂತೆ. ಕೆಲವು ಜಾತಿಗಳು ಹಳೆಯ ಕೆಸರನ್ನು ಬಿಟ್ಟು, ಹೊಸದಾಗಿ ಬಿದ್ದ ಹಸಿರನ್ನೇ ಹುಡುಕಿ ಆರಿಸಿ ತಿಂದಿದ್ದವು. ಆಳ ಸಮುದ್ರಗಳಲ್ಲೂ ಹಾಗೇ: ಮೇಲಿಂದ ಹಸಿರು ಬಿದ್ದ ಕೆಲವೇ ದಿನಗಳಲ್ಲಿ ಎಪಿಸ್ಟೊಮಿನೆಲ್ಲಾ ಎಕ್ಸಿಗುವಾ ಎಂಬ ಪುಟ್ಟ ಚಿಪ್ಪು, ಮಳೆ ಬಿದ್ದ ಮರುವಾರ ಎರೆಹೊಲದಲ್ಲಿ ಕಾಣುವ ಹಸಿರಿನಂತೆ, ಅದರ ಮೇಲೆ ಸಂತಾನ ಹೆಚ್ಚಿಸಿಕೊಂಡುಬಿಡುತ್ತದೆ. ಆಳದ ಕಡಲತಳದ ಎಷ್ಟೋ ಕಡೆ ಒಟ್ಟು ಜೀವರಾಶಿಯ ತೂಕದಲ್ಲಿ ದೊಡ್ಡ ಪಾಲು ಇವುಗಳದೇ. ಕಡಲಸೌತೆಯ ಚಿತ್ರ ಎಲ್ಲ ಪುಸ್ತಕದಲ್ಲಿ ಇರುತ್ತದೆ, ಕಿಂಡಿಚಿಪ್ಪಿನದು ಇರುವುದಿಲ್ಲ. ಇದು ನನಗೆ ಬಹಳ ಅನ್ಯಾಯವಾಗಿ ಕಾಣುತ್ತದೆ.

ಅಂಟಾರ್ಕ್ಟಿಕಾದ ಇನ್ನೊಂದು ಮಗ್ಗುಲಲ್ಲಿ, ಮ್ಯಾಕ್‌ಮರ್ಡೊ ಸೌಂಡ್ ಎಂಬ ಕಡಲ ಬಗಲಿನ ಪಡುವಣ ದಡಕ್ಕೆ, ಟೇಲರ್ ಕಣಿವೆಯ ಬಾಯಲ್ಲಿ ಎಕ್ಸ್‌ಪ್ಲೋರರ್ಸ್ ಕೋವ್ ಎಂಬ ಸಣ್ಣ ಕೊಲ್ಲಿ ಇದೆ. ಕಣಿವೆಯೋ ಹಿಮವೂ ಇಲ್ಲದ ಒಣ ಕಲ್ಲುಮಣ್ಣಿನ ಮರುಭೂಮಿ. ಕೊಲ್ಲಿಯ ಮೇಲೆ ಮಾತ್ರ ವರ್ಷ ವರ್ಷಗಳ ದಪ್ಪ ಹಿಮ. ನೀರಿನ ಉಷ್ಣತೆ ಸೊನ್ನೆಗಿಂತ ಹೆಚ್ಚುಕಡಿಮೆ 1.9 ಡಿಗ್ರಿ ಕೆಳಗೆ. ಉಪ್ಪಿರುವುದರಿಂದ ಹೆಪ್ಪುಗಟ್ಟದೆ ನಿಂತಿದೆ. ಹಿಮ ಬೆಳಕನ್ನು ತಡೆಯುತ್ತದೆ, ಒಳಹರಿವು ಬಡತನದ್ದು, ಹಾಗಾಗಿ ಮೇಲಿಂದ ಬೀಳುವ ಅನ್ನ ಬಲು ಕಡಿಮೆ. ಮುಳುಗುಗಾರರು ಇಳಿಯಬಲ್ಲ ಇಷ್ಟು ಮೇಲಿನ ನೀರಿನಲ್ಲೇ ಆಳ ಸಮುದ್ರದ ಬದುಕು ನೋಡಸಿಗುವ ಅಪರೂಪದ ಜಾಗ ಅದು. ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿರುವ ವಾಡ್ಸ್‌ವರ್ತ್ ಸೆಂಟರ್‌ನ ಸ್ಯಾಮ್ ಬೌಸರ್ ಮತ್ತವರ ಸಂಗಡಿಗರು 1980ರ ದಶಕದಿಂದ ಅಲ್ಲಿ ಹಿಮ ಕೊರೆದು ಇಳಿದು ಕಿಂಡಿಚಿಪ್ಪುಗಳನ್ನು ಆರಿಸಿ ತಂದರು. ವರ್ನರ್ ಹೆರ್ಜೋಗ್ 2007ರಲ್ಲಿ ಅಂಟಾರ್ಕ್ಟಿಕಾದ ಬಗ್ಗೆ ಮಾಡಿದ ಚಲನಚಿತ್ರದಲ್ಲಿ ಬೌಸರ್ ಕಾಣಿಸಿಕೊಳ್ಳುತ್ತಾರೆ. ಮಗಳು ಲ್ಯಾಪ್‌ಟಾಪಿನಲ್ಲಿ ಅದನ್ನು ತೋರಿಸಿದಾಗ, ಹಿಮದ ಅಡಿಯ ಆ ನೀಲಿ-ಹಸಿರು ಬೆಳಕನ್ನು ನಾನು ಮೂರು ಸಲ ಹಿಂದಕ್ಕೆ ಓಡಿಸಿ ನೋಡಿದೆ.

ಅಲ್ಲಿನ ಒಂದರ ಹೆಸರು ನೋಟೊಡೆಂಡ್ರೋಡಿಸ್ ಅಂಟಾರ್ಕ್ಟಿಕೋಸ್. 1980ರಲ್ಲಿ ಮೊದಲ ಸಲ ವಿವರಿಸಿದ್ದು. ಒಂದೇ ಕೋಶದ ಈ ಜೀವಿ ಮರದ ಹಾಗಿದೆ! ಮರಳು-ಮಣ್ಣಿನ ಕಣ ಅಂಟಿಸಿ ಕಟ್ಟಿದ ಕಾಂಡ, ಮೇಲೆ ಹರಡಿದ ಟೊಂಗೆ, ಕೆಸರೊಳಗೆ ಇಳಿದ ಬೇರು, ಬೇರಿನ ಬುಡದಲ್ಲಿ ಒಂದು ಗಡ್ಡೆ, ಗಡ್ಡೆಯೊಳಗೆ ಜೀವ. ಟೊಂಗೆಗಳು ನೀರಿನಲ್ಲಿ ತೇಲಿ ಬರುವ ಕಣಗಳಿಗೆ ಕೈಯೊಡ್ಡುತ್ತವೆ. ಬೇರುಗಳೋ, ಕೆಸರಿನ ನೀರಿನಲ್ಲಿ ಕರಗಿರುವ ಸಾವಯವ ಸಾರವನ್ನೇ ನೇರವಾಗಿ ಹೀರಿಕೊಳ್ಳುತ್ತವೆ. ಮೇಲಿಂದ ಬಿದ್ದರೆ ಅದು, ಬೀಳದಿದ್ದರೆ ನೆಲದೊಳಗಿನ ಉಳಿಕೆ. ನಮ್ಮ ಬನ್ನಿ ಮರಗಳು ಹೀಗೇ ಅಲ್ಲವೇ, ಮೇಲಿನ ಮಳೆಯನ್ನು ನಂಬಿ ಸುಮ್ಮನೆ ಕೂರದೆ ಬೇರನ್ನು ಆಳಕ್ಕೆ ಬಿಟ್ಟು ಮೇ ತಿಂಗಳಲ್ಲಿ ಹಸಿರಾಗಿರುವುದು.

ಇನ್ನೊಂದು ಆಸ್ಟ್ರಮ್ಮಿನಾ ರಾರಾ. ಬರಿಗಣ್ಣಿಗೆ ಮರಳಿನ ಉಂಡೆಯಂತೆ ಕಾಣುತ್ತದೆ. ಅದು ಕಟ್ಟುವ ಮನೆ ನಮ್ಮ ಹೊಲದ ಬದುವಿನ ಒಣಕಲ್ಲಿನ ಗೋಡೆಯ ಹಾಗೆ: ದೊಡ್ಡ ಕಲ್ಲು ಹೊರಗೆ, ಸಂದಿಗೆ ಸಣ್ಣ ಕಲ್ಲು, ಅದರ ಸಂದಿಗೆ ಇನ್ನೂ ಸಣ್ಣದು, ನಡುವೆ ತಾನೇ ತಯಾರಿಸಿದ ಅಂಟು. ಕಲ್ಲು ಕಟ್ಟುವ ಮೇಸ್ತ್ರಿ ಒಂದು ಕಲ್ಲನ್ನು ಕೈಯಲ್ಲಿ ತಿರುಗಿಸಿ, ಇದು ಬೇಡ ಎಂದು ಬಿಸಾಕಿ, ಇನ್ನೊಂದನ್ನು ಎತ್ತಿಕೊಳ್ಳುವುದನ್ನು ನೀವು ನೋಡಿರಬಹುದು. ಈ ಒಂದು ಕೋಶಕ್ಕೆ ಕಣ್ಣಿಲ್ಲ, ಮಿದುಳಿಲ್ಲ, ಆದರೂ ಕಣಗಳನ್ನು ಆರಿಸುತ್ತದೆ. ಮನೆಯನ್ನು ಬಿಚ್ಚಿ ತೆಗೆದುಬಿಟ್ಟರೆ ಮತ್ತೆ ಮೊದಲಿನಿಂದ ಕಟ್ಟಿಕೊಳ್ಳುತ್ತದೆ. ಇಷ್ಟು ತಾಳ್ಮೆಯ ಮೇಸ್ತ್ರಿ ಬೇಟೆಗಾರನೂ ಹೌದು. ಅದರ ಎಳೆಗಳಿಗೆ ಗಟ್ಟಿಯಾದ ಹುರಿ ಇದೆ. ತನಗಿಂತ ದೊಡ್ಡ ಹುಳುವೋ ಸಿಗಡಿಯ ಜಾತಿಯ ಮರಿಯೋ ಅದರಲ್ಲಿ ಸಿಕ್ಕಿಕೊಂಡರೆ ಬಿಡಿಸಿಕೊಳ್ಳಲಾರದು. ಒಂದೇ ಕೋಶ, ಬಹುಕೋಶದ ಪ್ರಾಣಿಯನ್ನು ಹಿಡಿದು ತಿನ್ನುತ್ತದೆ. ದೊಡ್ಡ ಮೀನು ಸಣ್ಣ ಮೀನನ್ನು ತಿನ್ನುತ್ತದೆ ಎಂದು ಶಾಲೆಯಲ್ಲಿ ಮೂವತ್ತು ವರ್ಷ ಏಣಿಯ ಚಿತ್ರ ಬರೆದು ಪಾಠ ಹೇಳಿದವನು ನಾನು. ಆ ಏಣಿಯ ಕೆಳಗಿನ ಮೆಟ್ಟಿಲು ಮೇಲಿನ ಮೆಟ್ಟಿಲನ್ನು ಎಳೆದು ನುಂಗುತ್ತದೆ ಎಂದು ತಿಳಿದ ದಿನ, ಆ ಚಿತ್ರ ಬರೆದ ಕರಿಹಲಗೆಗಳೆಲ್ಲ ಕಣ್ಮುಂದೆ ಬಂದವು. ಅದು ಏಣಿಯಲ್ಲ, ಕೌದಿ. ಯಾವ ತುಂಡು ಯಾವುದರ ಮೇಲೆ ಎಂದು ಹೇಳಲಾಗದಂತೆ ಹೊಲಿದದ್ದು.

ಆ ಕೌದಿಯ ಇನ್ನೊಂದು ಹೊಲಿಗೆ ಸಿಬಿಸಿಡಿಸ್ ರೆಫುಲ್ಜೆನ್ಸ್. ಅದೇ ಕೊಲ್ಲಿಯ ತಳದಲ್ಲಿ ಅಂಗೈಯಗಲದ ಅಡಮುಸಿಯಮ್ ಎಂಬ ಕಪ್ಪೆಚಿಪ್ಪಿನ ಬಂಧು ಇದೆ. ಅದರ ಬೆನ್ನ ಮೇಲೆ ಈ ಫೊರಾಮ್ ಮನೆ ಹೂಡುತ್ತದೆ. ಬೆನ್ನಿನ ಮೇಲಿನ ಪಾಚಿ ಮೇಯುತ್ತದೆ. ನೀರಿಗೆ ಬಲೆಯೊಡ್ಡಿ ತೇಲುವ ಕಣ ಹಿಡಿಯುತ್ತದೆ. ಸಾಲದಾದರೆ ಚಿಪ್ಪನ್ನು ಕೊರೆದು ಒಳಗಿನ ಮೈರಸವನ್ನೇ ಹೀರುತ್ತದೆ. ಒಂದೇ ಜೀವಿ ಕುರಿಗಾಹಿ, ಬೆಸ್ತ, ಉಣ್ಣೆ, ಮೂರೂ. ಬಡ ನೆಲದಲ್ಲಿ ಒಂದೇ ಕಸುಬು ನಂಬಿ ಬದುಕಲಾಗದು. ಮುಂಗಾರಿಗೆ ಸಜ್ಜೆ, ನಡುವೆ ತೊಗರಿ, ಹಿಂಗಾರಿಗೆ ಜೋಳ, ಜೊತೆಗೆ ನಾಲ್ಕು ಕುರಿ, ಏನೂ ಆಗದಿದ್ದರೆ ಗುಳೆ. ನಮ್ಮ ಸೀಮೆಯ ರೈತನ ಲೆಕ್ಕ ಆ ಪುಟ್ಟ ಚಿಪ್ಪಿಗೂ ಗೊತ್ತಿದೆ.

ಇವನ್ನು ತಿನ್ನುವವರೂ ಇದ್ದಾರೆ. ಆನೆಯ ದಂತದ ಆಕಾರದ ಚಿಪ್ಪಿನೊಳಗೆ ಬದುಕುವ ಸ್ಕ್ಯಾಫೊಪೊಡ್ ಎಂಬ ಮೃದ್ವಂಗಿ ಕೆಸರಿನಲ್ಲಿ ತಲೆ ಹುದುಗಿಸಿ, ದಾರದಂಥ ಸೊಂಡಿಲುಗಳಿಂದ ಫೊರಾಮ್‌ಗಳನ್ನು ಒಂದೊಂದಾಗಿ ಆಯ್ದು, ಗಟ್ಟಿ ಹಲ್ಲಿನಿಂದ ಅರೆದು ತಿನ್ನುತ್ತದೆ. ಕಡಲಸೌತೆಗಳು ಕೆಸರಿನ ಸಮೇತ ಬಾಚಿ ನುಂಗುತ್ತವೆ. ಹೀಗೆ, ಮೇಲಿನ ಪಾಚಿ ಕಿಂಡಿಚಿಪ್ಪಿನ ಮೈಯಾಗಿ, ಕಿಂಡಿಚಿಪ್ಪು ಹುಳುವಿನ, ಚಿಪ್ಪಿನ, ಮೀನಿನ ಮೈಯಾಗಿ ಹಗೇವಿನ ಜೋಳ ಊರೆಲ್ಲ ಹಂಚಿಹೋಗುತ್ತದೆ. ಬರದ ವರ್ಷ ನಮ್ಮ ಮನೆಯ ಹಗೇವು ತೆಗೆದಾಗಲೂ ಜೋಳ ನೇರ ದೊಡ್ಡ ಚೀಲಗಳಲ್ಲಿ ಹೋಗುತ್ತಿರಲಿಲ್ಲ. ಅಜ್ಜಿಯ ಸೇರು-ಪಾವಿನಲ್ಲಿ, ಹೆಂಗಸರ ಸೆರಗಿನಲ್ಲಿ, ಮಕ್ಕಳ ಬುಟ್ಟಿಯಲ್ಲಿ ಹೋಗುತ್ತಿತ್ತು. ಸಣ್ಣ ಅಳತೆಗಳಿಲ್ಲದಿದ್ದರೆ ದೊಡ್ಡ ಕಣಜ ಯಾರ ಹೊಟ್ಟೆಗೂ ತಲುಪುವುದಿಲ್ಲ ಎನ್ನುವುದು ನನಗೆ ಅಲ್ಲಿಂದಲೇ ಗೊತ್ತು.

ಇನ್ನು ದೀಪದ ಮಾತು. ಕೆಸರಿನೊಳಗೆ ಸ್ವಲ್ಪ ಕೆಳಗಿಳಿದರೆ ಆಮ್ಲಜನಕ ಮುಗಿದುಹೋಗುತ್ತದೆ, ಥೇಟ್ ನಮ್ಮ ಹಗೇವಿನ ಹಾಗೆ. ಅಲ್ಲಿ ದೀಪ ಇಳಿಸಿದರೆ ಆರುತ್ತದೆ. ಆದರೂ ಅಲ್ಲಿ ಕೆಲವು ಫೊರಾಮ್‌ಗಳು ಬದುಕಿರುವುದನ್ನು ಕಂಡು ವಿಜ್ಞಾನಿಗಳು ಬಹುಕಾಲ ತಲೆ ಕೆರೆದುಕೊಂಡರು. 2006ರಲ್ಲಿ ಉತ್ತರ ಸಿಕ್ಕಿತು. ಸಿಕ್ಕಿದ್ದು ಧ್ರುವದಲ್ಲಲ್ಲ, ಸ್ವೀಡನ್ನಿನ ಗುಲ್ಮರ್ ಎಂಬ ಕಡಲಕಣಿವೆಯ ಕೆಸರಿನಲ್ಲಿ. ಗ್ಲೋಬೊಬುಲಿಮಿನಾ ಎಂಬ ಫೊರಾಮ್ ತನ್ನ ಕೋಶದೊಳಗೆ ನೈಟ್ರೇಟ್ ಕೂಡಿಟ್ಟುಕೊಂಡು, ಆಮ್ಲಜನಕದ ಬದಲು ಅದನ್ನೇ ಉಸಿರಾಡಿ, ಸಾರಜನಕದ ಅನಿಲವಾಗಿ ಹೊರಬಿಡುತ್ತದೆ. ಇದನ್ನು ಓದಿ ನಾನು ಪುಸ್ತಕ ಮಡಚಿಟ್ಟು ಎದ್ದು ಅಂಗಳಕ್ಕೆ ಹೋದೆ. ಹಗೇವಿನೊಳಗೆ ಬದುಕಲು ಅದು ತನ್ನೊಳಗೆ ಇನ್ನೊಂದು ಹಗೇವು ತೋಡಿಕೊಂಡಿದೆ. ಕಾಳಿನದಲ್ಲ, ಉಸಿರಿನದು. ತಾತ ಇದ್ದಿದ್ದರೆ ಅವನ ಮುಂದೆ ಕೂತು ಇದನ್ನು ಹೇಳಬೇಕಿತ್ತು. ದೀಪ ಆರಿದ ಮೇಲೂ ಉಳಿಯುವವರು ಇದ್ದಾರೆ ತಾತಾ ಎಂದು.

ಇವು ನಮಗೆ ಅಷ್ಟೊಂದು ದೂರದವೂ ಅಲ್ಲ. ಕಾರವಾರದ ಕಡಲಲ್ಲೂ ಇವುಗಳ ನೆಂಟರಿವೆ. ಒಮ್ಮೆ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಅಲ್ಲಿಗೆ ಕರೆದೊಯ್ದಿದ್ದಾಗ ಒಂದು ಡಬ್ಬಿ ಮರಳು ತಂದು, ಪರಿಚಯದವರ ಕಾಲೇಜಿನ ಸೂಕ್ಷ್ಮದರ್ಶಕದ ಕೆಳಗೆ ಹರವಿದೆ. ಒಡೆದ ಗಾಜಿನಂಥ ಮರಳಹರಳುಗಳ ನಡುವೆ ಒಂದು ಸುರುಳಿ ಕಂಡಿತು: ಬೆಳ್ಳಗೆ, ಕೋಣೆ ಕೋಣೆಯಾಗಿ, ಪುಟ್ಟ ಜಿಲೇಬಿ ಸುತ್ತಿಟ್ಟ ಹಾಗೆ. ಸತ್ತ ಚಿಪ್ಪು. ಒಳಗೆ ಯಾರೂ ಇರಲಿಲ್ಲ. ಜೀವ ಇತ್ತೇ ಎಂದು ತಿಳಿಯಲು ವಿಜ್ಞಾನಿಗಳು ತಳದ ಕೆಸರನ್ನು ಮೇಲೆತ್ತಿದ ಕೂಡಲೆ ರೋಸ್ ಬೆಂಗಾಲ್ ಎಂಬ ಬಣ್ಣ ಹಾಕುತ್ತಾರೆ. ಲೋಳೆ ಇದ್ದರೆ ಚಿಪ್ಪು ಗುಲಾಲಿನ ಬಣ್ಣಕ್ಕೆ ತಿರುಗುತ್ತದೆ. ನನ್ನ ಬಳಿ ಬಣ್ಣವೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಒಂದು ಗಂಟೆ ಆ ಒಂದೇ ಸುರುಳಿಯನ್ನು ನೋಡುತ್ತ ಕುಳಿತೆ.

ಕಾರವಾರದ ಈ ಕಿಂಡಿಚಿಪ್ಪುಗಳಿಗೆ ನಮ್ಮ ಬರದ ಸುದ್ದಿಯೂ ಗೊತ್ತು. ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ರಾಜೀವ್ ನಿಗಮ್ ಮತ್ತು ಜೊತೆಗಾರರು ಕಾರವಾರದ ಎದುರಿನ ಕಡಲತಳದಿಂದ ಕೆಸರಿನ ಕಂಬವೊಂದನ್ನು ತೆಗೆದು, ಪದರ ಪದರವಾಗಿ ಅದರೊಳಗಿನ ಫೊರಾಮ್‌ಗಳನ್ನು ಅಳೆದರು. ಮಳೆ ಹೆಚ್ಚಾದರೆ ಕಾಳಿ ನದಿ ತರುವ ಸಿಹಿನೀರು ಹೆಚ್ಚು, ಕಡಲಂಚಿನ ಉಪ್ಪು ಕಡಿಮೆ. ಮಳೆ ಹೋದರೆ ತಿರುಗಮುರುಗ. ಆ ಏರಿಳಿತ ಚಿಪ್ಪಿನ ಮೊಟ್ಟಮೊದಲ ಕೋಣೆಯ ಗಾತ್ರದಲ್ಲಿ ದಾಖಲಾಗಿ ಉಳಿಯುತ್ತದೆ. ಅದನ್ನು ಓದಿ ಅವರು, ಬರ ಸುಮಾರು 77 ವರ್ಷಗಳ ಚಕ್ರದಲ್ಲಿ ಬಂದುಹೋಗಿರುವಂತಿದೆ ಎಂದು 1995ರಲ್ಲಿ ಬರೆದರು. ಪಂಚಾಂಗದ ಮಳೆಫಲ ಓದಿಸಿ ಕೇಳುತ್ತಿದ್ದ ಮನೆಯಲ್ಲಿ ಬೆಳೆದ ನನಗೆ, ಕಡಲತಳದ ಗಸಗಸೆಯೊಂದು ಹಳೆಯ ಮಳೆಗಳ ಲೆಕ್ಕ ಬರೆದಿಟ್ಟಿದೆ ಎನ್ನುವುದು ನಂಬಿಕೆಗಿಂತ ದೊಡ್ಡ ಮಾತಾಗಿ ಕೇಳಿಸಿತು.

ಚಿಪ್ಪಿನ ಸರಕಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಮರಳು ಅಂಟಿಸಿಕೊಳ್ಳುವ ಜಾತಿಗಳನ್ನು ಬಿಟ್ಟರೆ ಬಹಳಷ್ಟು ಕಿಂಡಿಚಿಪ್ಪುಗಳ ಮನೆ ಸುಣ್ಣಕಲ್ಲಿನದು, ಕ್ಯಾಲ್ಸಿಯಂ ಕಾರ್ಬೊನೇಟ್. ನಮ್ಮ ಎರೆಹೊಲದಲ್ಲಿ ನೇಗಿಲಿಗೆ ಸಿಗುವ ಬಿಳಿಯ ಸುಣ್ಣದ ಹರಳುಗಳೂ ಅದೇ. ಅವನ್ನೇ ಸುಟ್ಟು ಹಿಂದೆ ಗೋಡೆಗೆ ಬಳಿಯುವ ಸುಣ್ಣ ಮಾಡುತ್ತಿದ್ದರು. ಹುಡುಗರಾಗಿದ್ದಾಗ ಆ ಹರಳಿನ ಮೇಲೆ ನಿಂಬೆಹಣ್ಣು ಹಿಂಡಿ, ಅದು ಬುರುಬುರು ನೊರೆಯೇಳುವುದನ್ನು ನೋಡುವುದು ನಮ್ಮ ಆಟ. ಈಗ ಅದೇ ಆಟ ಕಡಲಲ್ಲಿ ನಡೆದಿದೆ, ಆಟವಾಗಿ ಅಲ್ಲ. ನಾವು ಸುಡುವ ಕಲ್ಲಿದ್ದಲು-ಎಣ್ಣೆಯ ಹೊಗೆಯಲ್ಲಿನ ಇಂಗಾಲದ ಡೈಆಕ್ಸೈಡ್ ಕಡಲಲ್ಲಿ ಕರಗಿ ನೀರನ್ನು ಹುಳಿಯ ಕಡೆಗೆ ತಳ್ಳುತ್ತಿದೆ. ತಣ್ಣೀರಿಗೆ ಅನಿಲ ಕರಗಿಸಿಕೊಳ್ಳುವ ಶಕ್ತಿ ಜಾಸ್ತಿ, ಹಾಗಾಗಿ ಪೆಟ್ಟು ಮೊದಲು ಬೀಳುವುದು ಧ್ರುವದ ಕಡಲುಗಳಿಗೆ. ಲಿಮಸೈನಾ ಎಂಬ ತೇಲುವ ಪುಟ್ಟ ಬಸವನಹುಳುವಿನ ಚಿಪ್ಪು ದಕ್ಷಿಣ ಸಾಗರದಲ್ಲಿ ಆಗಲೇ ಸವೆಯುತ್ತಿರುವುದನ್ನು 2012ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆ ಚಿಪ್ಪುಗಳನ್ನು ಹಿಡಿದದ್ದು 2008ರಲ್ಲಿ. ನಲವತ್ತೆರಡು ಡಿಗ್ರಿಯ ಊರಿನಲ್ಲಿ ಕೂತು, ಎಂದೂ ಕಾಣದ ತಣ್ಣನೆಯ ನೀರಿನ ಚಿಪ್ಪಿಗಾಗಿ ಹೊಟ್ಟೆಯಲ್ಲಿ ಸಂಕಟವಾಗುವುದು ನನಗಂತೂ ಸಹಜ ಅನ್ನಿಸುತ್ತದೆ. ನೀರು ಸೋರಿದರೆ ಹಗೇವಿನ ಗತಿ ಏನಾಗುತ್ತದೆ ಎಂದು ನಮ್ಮ ಮನೆ ಕಂಡಿದೆ.

ಅದೂ ಆಯಿತು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆಯ ನೀರು ಮಾನ್ವಿಯ ಕಡೆಗೆ ಬಂದು, ಆಮೇಲೆ ನಾರಾಯಣಪುರದ ಬಲದಂಡೆ ಕಾಲುವೆ ದೇವದುರ್ಗದ ಕಡೆಗೂ ಬಂದು, ಎರೆಹೊಲಗಳು ಒಂದೊಂದಾಗಿ ಭತ್ತದ ಗದ್ದೆಗಳಾದವು. ಆ ನೀರು ಎಷ್ಟು ಜನರ ಬಾಳು ಎತ್ತಿತು ಎಂದು ನನಗೆ ಗೊತ್ತು. ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಒಂದು ವರ್ಷ ನಮ್ಮ ಹಗೇವಿನ ಕಲ್ಲು ಎಬ್ಬಿಸಿದಾಗ ಹಳೆಯ ಬೆಚ್ಚನೆಯ ವಾಸನೆ ಬರಲಿಲ್ಲ. ನೆಲದ ತೇವ ಏರಿ ಬದಿಯ ಜೋಳವೆಲ್ಲ ಕಪ್ಪಾಗಿ ಗಂಟುಕಟ್ಟಿತ್ತು. ಅಜ್ಜಿ ಬಾಯಿಯ ಅಂಚಿನಲ್ಲಿ ಕೂತು, ಒಂದು ಹಿಡಿ ಮೇಲೆತ್ತಿ ಮೂಸಿ ನೋಡಿ, ಏನೂ ಹೇಳದೆ ಎದ್ದು ಹೋದಳು. ಮತ್ತೆ ಅದನ್ನು ತುಂಬಲಿಲ್ಲ. ಕಲ್ಲು ಮಾತ್ರ ಅಲ್ಲೇ ಉಳಿಯಿತು.

ಅಜ್ಜಿಯ ನೆನಪಿಗೆ ಇನ್ನೊಂದು ಚಿಪ್ಪಿನ ಕಥೆ ಸೇರಿಕೊಂಡಿದೆ, ಅವಳಿಗೆ ಹೇಳಲಾಗದೆ ಹೋದದ್ದು. ಈಜಿಪ್ಟಿನ ಪಿರಮಿಡ್ಡುಗಳ ಕಲ್ಲುಗಳಲ್ಲಿ ನುಮ್ಮುಲೈಟಿಸ್ ಎಂಬ ಹಳೆಯ ದೊಡ್ಡ ಫೊರಾಮ್‌ಗಳು ತುಂಬಿವೆ, ಬೇಳೆಯಂತೆ ಚಪ್ಪಟೆ. ಎರಡು ಸಾವಿರ ವರ್ಷದ ಹಿಂದೆ ಅಲ್ಲಿಗೆ ಹೋಗಿದ್ದ ಗ್ರೀಕ್ ಭೂಗೋಳಕಾರ ಸ್ಟ್ರಾಬೊಗೆ, ಪಿರಮಿಡ್ ಕಟ್ಟಿದ ಕೂಲಿಯವರು ಉಂಡು ಉಳಿಸಿದ ಚನ್ನಂಗಿ ಬೇಳೆಯೇ ಕಲ್ಲಾಗಿದೆ ಎಂದು ಅಲ್ಲಿನವರು ಹೇಳುತ್ತಿದ್ದರಂತೆ. ಅಜ್ಜಿ ಇದನ್ನು ಒಪ್ಪುತ್ತಿದ್ದಳು ಅಂದುಕೊಳ್ಳುತ್ತೇನೆ. ಕೂಲಿಯವರ ತಾಟಿನಲ್ಲಿ ಬೇಳೆ ಉಳಿದಿತ್ತು ಎನ್ನುವ ಸುದ್ದಿಯೇ ಅವಳಿಗೆ ಸಮಾಧಾನವಾಗುತ್ತಿತ್ತು.

ಹೋದ ಬೇಸಿಗೆಗೆ ಮೊಮ್ಮಗಳು ಮಲ್ಲಟಕ್ಕೆ ಬಂದಿದ್ದಳು. ಸಂಜೆ ಅಂಗಳದಲ್ಲಿ ನೀರಿನ ತಂಬಿಗೆ ತಂದು ಆ ಹಾಸುಗಲ್ಲಿನ ಮೇಲೆ ಕಾಲು ತೊಳೆಯಲು ನಿಂತಳು. ನನ್ನ ಬಾಯಿಂದ ನನಗೆ ಗೊತ್ತಿಲ್ಲದೆ ಬಂತು: “ಅಲ್ಲಿ ನೀರ ಚೆಲ್ಲಬ್ಯಾಡವ್ವ.” ಯಾಕೆ ಎಂದಳು. ಕೂರಿಸಿಕೊಂಡು ಹಗೇವಿನ ಸುದ್ದಿ ಹೇಳಿದೆ. ಕಂದೀಲಿನ ಸುದ್ದಿ ಹೇಳಿದೆ. ಅಲ್ಲಿಂದ ಹಿಮದ ಅಡಿಯ ಹಗೇವಿಗೆ, ಮರದಂಥ ಚಿಪ್ಪಿಗೆ, ಬಲೆ ಬೀಸುವ ಚಿಪ್ಪಿಗೆ ಬಂದೆ. ಕತ್ತಲಾಗುವ ತನಕ ಕೇಳಿದಳು. ಆಮೇಲೆ ಕೇಳಿದಳು: “ಅಲ್ಲಿ ಇಳಿಯೋರು ಸುದ್ದಾ ಮೊದ್ಲ ದೀಪ ಬಿಡ್ತಾರೇನು?”

ಬಿಡುತ್ತಾರೆ ಎಂದೆ. ಹಿಮದಲ್ಲಿ ಒಬ್ಬ ಮನುಷ್ಯ ಇಳಿಯುವಷ್ಟು ತೂತು ಕೊರೆದು, ಅದರೊಳಗೆ ಒಂದು ಹಗ್ಗ ಇಳಿಬಿಟ್ಟು, ಹಗ್ಗಕ್ಕೆ ಮಿಣುಕುವ ದೀಪ ಕಟ್ಟಿರುತ್ತಾರೆ. ಕೆಳಗೆ ಹೋದವರು ಚಿಪ್ಪು ಆಯುತ್ತ ದೂರ ಹೋಗಿಬಿಟ್ಟರೆ, ತಲೆಯ ಮೇಲೆಲ್ಲ ಹಿಮವೇ ಇರುವಾಗ, ಬಾಯಿ ಎಲ್ಲಿದೆ ಎಂದು ಅದನ್ನು ನೋಡಿ ತಿಳಿದುಕೊಳ್ಳುತ್ತಾರೆ.